ಕಟಾವಿ ಕಾಡಿಗೆ ಹೋಗುವವರು ಏಪ್ರಿಲ್ ರಜೆ ಬಿಟ್ಟು ದಸರಾ ರಜೆ ಹಿಡಿಯಲಿ

ಸಂಪಾದಕರಿಗೆ,

ಮಾನ್ಯರೇ,

ಜನವರಿ ಕಳೆಯುತ್ತಲೇ ಮಂಗಳೂರು, ಉಡುಪಿಯ ಪ್ರವಾಸ ಜಾಹೀರಾತುಗಳಲ್ಲಿ 'ಬೇಸಿಗೆ ರಜೆಗೆ ಆಫ್ರಿಕಾ ಸಫಾರಿ' ಎಂಬ ಸಾಲು ಕಾಣಿಸಿಕೊಳ್ಳುತ್ತದೆ. ಮಸಾಯಿ ಮಾರಾ, ಸೆರೆಂಗೆಟಿಯಂಥ ಹೆಸರಾಂತ ಕಾಡುಗಳಿಗೆ ಏಪ್ರಿಲ್, ಮೇ ತಿಂಗಳಲ್ಲಿ ಹೋದವರು ಮಳೆಯಲ್ಲಿ ನೆನೆದರೂ ಅಷ್ಟಿಷ್ಟು ನೋಡಿ ಬರುತ್ತಾರೆ. ಅಲ್ಲಿ ವಸತಿಗೂ ರಸ್ತೆಗೂ ಕೊರತೆಯಿಲ್ಲ. ಆದರೆ ಒಂದು ಸಿಂಹದ ಸುತ್ತ ಇಪ್ಪತ್ತು ಜೀಪು ನಿಲ್ಲುವ ಗದ್ದಲ ಬೇಡ ಎನ್ನುವವರು ಈಗ ಪಶ್ಚಿಮ ತಾಂಜಾನಿಯಾದ ಕಟಾವಿಯಂಥ ದೂರದ ರಾಷ್ಟ್ರೀಯ ಉದ್ಯಾನವನ್ನು ಕೇಳತೊಡಗಿದ್ದಾರೆ. ಒಳ್ಳೆಯ ಆಯ್ಕೆಯೇ. ಆದರೆ ಅದನ್ನೂ ಏಪ್ರಿಲ್ ರಜೆಗೆ ಹೊಂದಿಸಿಕೊಡುತ್ತೇವೆಂದು ಮುಂಗಡ ಪಡೆಯುವುದು ಸರಿಯಲ್ಲ. ಲಕ್ಷಗಟ್ಟಲೆ ಹಣ ಕೊಟ್ಟವರಿಗೆ ಅಲ್ಲಿ ಸಿಗುವುದು ಆಳೆತ್ತರದ ಹುಲ್ಲು, ಕೆಸರು ಮತ್ತು ಬೀಗ ಹಾಕಿದ ಕ್ಯಾಂಪು.

ಕಾರಣ ಸರಳ. ಕಟಾವಿಯಲ್ಲಿ ಮಳೆಗಾಲ ನವೆಂಬರ್‌ನಿಂದ ಏಪ್ರಿಲ್‌ವರೆಗೆ. ಆಗ ಕಟಾವಿ, ಚಾಡ ಎಂಬ ಎರಡು ಕೆರೆಬಯಲುಗಳು ತುಂಬಿ ನಿಲ್ಲುತ್ತವೆ. ಎಲ್ಲೆಡೆ ನೀರಿರುವುದರಿಂದ ಆನೆ, ಕಾಡೆಮ್ಮೆಗಳೆಲ್ಲ ಮಿಯೊಂಬೊ ಎಂಬ ಎಲೆಯುದುರುವ ಮರಗಳ ಕಾಡಿನೊಳಗೆ ಚದುರಿಹೋಗುತ್ತವೆ. ನೆಲ ಅಂಟುವ ಕಪ್ಪು ಮಣ್ಣು. ಒಂದು ಜೋರು ಮಳೆ ಬಿದ್ದರೆ ನಾಲ್ಕೂ ಚಕ್ರ ತಿರುಗುವ ವಾಹನವೂ ಅಚ್ಚಿನವರೆಗೆ ಹೂತುಹೋಗುತ್ತದೆ. ಮಣ್ಣಿನ ಏರ್‌ಸ್ಟ್ರಿಪ್‌ನಲ್ಲಿ ವಿಮಾನ ಇಳಿಸುವುದೂ ಕಷ್ಟ. ಹಾಗಾಗಿ ಏಪ್ರಿಲ್, ಮೇಯಲ್ಲಿ ಹೆಚ್ಚಿನ ಕ್ಯಾಂಪುಗಳು ಮುಚ್ಚಿರುತ್ತವೆ.

ಜೂನ್‌ನಿಂದ ಚಿತ್ರ ಬದಲಾಗುತ್ತದೆ. ನಮ್ಮಲ್ಲಿ ಆಟಿ ತಿಂಗಳ ಜಡಿಮಳೆ ಹೊಡೆಯುವಾಗ ಅಲ್ಲಿ ಒಂದು ಹನಿ ಬೀಳುವುದಿಲ್ಲ. ಕೆರೆಗಳು ಬತ್ತಿ, ಕಟುಮ ಹೊಳೆಯ ಸಪೂರ ಹರಿವು ಮತ್ತು ಅಲ್ಲೊಂದು ಇಲ್ಲೊಂದು ಗುಂಡಿ ಮಾತ್ರ ಉಳಿಯುತ್ತವೆ. ಸೆಪ್ಟೆಂಬರ್ ಹೊತ್ತಿಗೆ ಉದ್ಯಾನದೊಳಗಿನ ಇಕೂ ಸೇತುವೆಯ ಸುತ್ತಲಿನ ಕೆಸರು ಗುಂಡಿಗಳಲ್ಲಿ ನೂರಾರು ನೀರ್ಗುದುರೆಗಳು ಮೈಗೆ ಮೈ ತಾಗಿಸಿ ಬಿದ್ದಿರುತ್ತವೆ. ಜಾಗಕ್ಕಾಗಿ ಗಂಡುಗಳು ಬಾಯಿ ತೆರೆದು ಕಾದಾಡುತ್ತವೆ. ಮೊಸಳೆಗಳು ಹೊಳೆದಂಡೆಯ ಮಣ್ಣು ಕೊರೆದು ಮಾಡಿದ ಗವಿಗಳಲ್ಲಿ ಒಂದರ ಮೇಲೊಂದು ಮಲಗುತ್ತವೆ. ಸಾವಿರ ದಾಟುವ ಕಾಡೆಮ್ಮೆ ಹಿಂಡು ನೀರಿಗೆ ಬರುತ್ತದೆ, ಅದರ ಹಿಂದೆ ಸಿಂಹ. ಇದನ್ನು ನೋಡಲೆಂದೇ ಕಟಾವಿಗೆ ಹೋಗುವುದು. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗಿನ ಒಂದು ತಿಂಗಳು ಅದಕ್ಕೆ ಎಲ್ಲಕ್ಕಿಂತ ಒಳ್ಳೆಯದು, ಮಕ್ಕಳ ದಸರಾ ರಜೆಯೂ ಆಗಲೇ. ಆದರೆ ಪಂಚಾಂಗ ನೋಡಿಕೊಳ್ಳಬೇಕು. ಅಧಿಕ ಮಾಸ ಬಂದ ವರ್ಷ ನವರಾತ್ರಿ ತಡವಾಗುತ್ತದೆ. 2025ರಲ್ಲಿ ಅಕ್ಟೋಬರ್ 2ಕ್ಕೆ ಬಂದ ವಿಜಯದಶಮಿ 2026ರಲ್ಲಿ ಅಕ್ಟೋಬರ್ 20ಕ್ಕೆ. ಅಂಥ ವರ್ಷ ರಜೆಯ ಮೊದಲ ವಾರದಲ್ಲೇ ಹೊರಟುಬಿಡುವುದು ಕ್ಷೇಮ. ಅಕ್ಟೋಬರ್ ಕೊನೆಯಲ್ಲಿ ಮೊದಲ ಗುಡುಗು ಮಳೆ ಬಿದ್ದರೆ ಪ್ರಾಣಿಗಳು ಎರಡು ಮೂರು ದಿನಗಳಲ್ಲಿ ಚದುರತೊಡಗುತ್ತವೆ.

ಇಂಥ ಕಾಡಿಗೆ ಯೋಜನೆಯನ್ನು ಹಿಂದಿನಿಂದ ಮುಂದಕ್ಕೆ ಹಾಕಬೇಕು. ನಮ್ಮವರು ಮೊದಲು ಅಗ್ಗದ ಅಂತಾರಾಷ್ಟ್ರೀಯ ಟಿಕೆಟ್ ಕಂಡ ಕೂಡಲೇ ತೆಗೆದಿಟ್ಟು, ಉಳಿದದ್ದನ್ನು ಅದಕ್ಕೆ ಜೋಡಿಸಲು ಹೊರಡುತ್ತಾರೆ. ಕಟಾವಿಯ ಮಟ್ಟಿಗೆ ಅದು ಕೊನೆಯ ಕೆಲಸ. ಮೊದಲು ಗೊತ್ತಾಗಬೇಕಾದದ್ದು ಇಕೂ ಏರ್‌ಸ್ಟ್ರಿಪ್‌ಗೆ ಸಣ್ಣ ವಿಮಾನ ಯಾವ ವಾರ ಬರುತ್ತದೆ ಎಂಬುದು. ಬರುವುದು ವಾರಕ್ಕೆ ಎರಡೇ ಸಲ, ಸಾಮಾನ್ಯವಾಗಿ ಸೋಮವಾರ ಮತ್ತು ಗುರುವಾರ. ಒಂದು ತಪ್ಪಿದರೆ ಮುಂದಿನದಕ್ಕೆ ಮೂರೋ ನಾಲ್ಕೋ ದಿನ ಕಾಯಬೇಕು. ಆದ್ದರಿಂದ ಕಟಾವಿಯಲ್ಲಿ ತಂಗುವುದು ಮೂರು ರಾತ್ರಿ, ನಾಲ್ಕು ರಾತ್ರಿ ಅಥವಾ ಏಳು ರಾತ್ರಿ. ಐದು ರಾತ್ರಿಯ ಪ್ಯಾಕೇಜ್ ಎಂದು ಯಾರಾದರೂ ಹೇಳಿದರೆ ವಿಮಾನ ಯಾವುದು, ಯಾವ ವಾರ ಎಂದು ಕೇಳಲೇಬೇಕು.

ಶನಿವಾರ ಮಂಗಳೂರಿನ ಬಜಪೆ ವಿಮಾನ ನಿಲ್ದಾಣದಿಂದ ಹೊರಟು ಮುಂಬೈ ಮೂಲಕ ಭಾನುವಾರ ತಾಂಜಾನಿಯಾದ ದಾರ್ ಎಸ್ ಸಲಾಮ್ ಅಥವಾ ಅರುಷಾ ನಗರದಲ್ಲಿ ತಂಗಿ, ಸೋಮವಾರ ಸಣ್ಣ ವಿಮಾನ ಹಿಡಿದರೆ ಗುರುವಾರ ಮರಳಬಹುದು. ಗುರುವಾರ ರಾತ್ರಿಯೇ ಭಾರತದ ವಿಮಾನ ಹತ್ತುವ ಲೆಕ್ಕ ಮಾತ್ರ ಬೇಡ. ಸಣ್ಣ ವಿಮಾನ ದಾರಿಯಲ್ಲಿ ಎರಡು ಮೂರು ಕಡೆ ಇಳಿಯುತ್ತದೆ, ಒಂದೆಡೆ ತಡವಾದರೆ ಮುಂದೆ ಎಲ್ಲವೂ ತಡ. ನಡುವೆ ಒಂದು ರಾತ್ರಿ ಇರಲಿ. ಹನ್ನೊಂದು ದಿನ ಇರುವವರು ಗುರುವಾರ ಅದೇ ವಿಮಾನದಲ್ಲಿ ಟಾಂಗನಿಕಾ ಸರೋವರದ ದಂಡೆಯ ಮಹಾಲೆ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ ನಾಲ್ಕು ರಾತ್ರಿ ಉಳಿದು ಸೋಮವಾರ ಹೊರಡಬಹುದು. ಕ್ಯೋಟೊ ವಿಶ್ವವಿದ್ಯಾನಿಲಯದವರು 1965ರಿಂದ ಚಿಂಪಾಂಜಿಗಳನ್ನು ಅಧ್ಯಯನ ಮಾಡುತ್ತಾ ಬಂದ ಕಾಡು ಅದು. ಅಲ್ಲಿ ವಾಹನದ ದಾರಿಯೇ ಇಲ್ಲ, ಗುಡ್ಡ ಹತ್ತಿ ನಡೆಯಬೇಕು. ಮಂಡಿ ನೋವಿನವರು, ಚಿಕ್ಕ ಮಕ್ಕಳಿರುವವರು ಮೊದಲೇ ಯೋಚಿಸಲಿ.

ಬಜಪೆಯಿಂದ ದುಬೈ ಟಿಕೆಟ್ ಒಂದು, ದುಬೈಯಿಂದ ಆಫ್ರಿಕಾ ಟಿಕೆಟ್ ಇನ್ನೊಂದು ಎಂದು ಬೇರೆ ಬೇರೆ ತೆಗೆದರೆ ಕಡಿಮೆ ಬೀಳುವಂತೆ ಕಾಣುತ್ತದೆ. ಆದರೆ ಆಗ ಸಾಮಾನು ನೇರ ಹೋಗುವ ಖಾತ್ರಿಯಿಲ್ಲ. ದುಬೈಯಲ್ಲಿ ಹೊರಬಂದು ಎತ್ತಿಕೊಳ್ಳಬೇಕಾದರೆ ಅಲ್ಲಿನ ವೀಸಾ ಬೇಕು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಹೊಣೆಯಲ್ಲ, ಸೋಮವಾರದ ಸಣ್ಣ ವಿಮಾನವೂ ತಪ್ಪಿತು. ಮಂಗಳೂರಿನಿಂದ ಕೊನೆಯ ದೊಡ್ಡ ವಿಮಾನ ನಿಲ್ದಾಣದವರೆಗೆ ಒಂದೇ ಪಿಎನ್‌ಆರ್ ಸಿಗುವುದಾದರೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಈಗ ತೂಕದ ಮಾತು. ಹೆಚ್ಚಿನವರು ಎಡವುವುದು ಇಲ್ಲೇ. ಈ ಸಣ್ಣ ವಿಮಾನಗಳಲ್ಲಿ ಹನ್ನೆರಡರಷ್ಟು ಜನ, ಒಬ್ಬರಿಗೆ 15 ಕಿಲೋ. ಕೈಚೀಲ, ಕ್ಯಾಮೆರಾ ಎಲ್ಲ ಅದರೊಳಗೇ ಸೇರಬೇಕು. ಸಾಮಾನು ತುಂಬುವ ಖಾನೆ ವಿಮಾನದ ಹೊಟ್ಟೆಯಡಿ ತಗ್ಗಾಗಿರುವುದರಿಂದ ಚಕ್ರದ ಗಟ್ಟಿ ಸೂಟ್‌ಕೇಸ್ ಒಳಗೆ ಹೋಗುವುದೇ ಇಲ್ಲ. ಅದರದ್ದೇ ತೂಕ ಮೂರು ನಾಲ್ಕು ಕಿಲೋ ಬೇರೆ. ಚಕ್ರ, ಚೌಕಟ್ಟು ಇಲ್ಲದ ಬಟ್ಟೆಯ ಡಫಲ್ ಚೀಲ ಒಂದು ಕಿಲೋ ಒಳಗೆ ಸಿಗುತ್ತದೆ. 100–400 ಲೆನ್ಸ್ ಹಾಕಿದ ಕ್ಯಾಮೆರಾ, ಬ್ಯಾಟರಿಗಳು ಸೇರಿ ಮೂರು ಕಿಲೋ ಹಿಡಿಯಿರಿ, 8×42 ದುರ್ಬೀನು ಮುಕ್ಕಾಲು ಕಿಲೋ, ಔಷಧ ಒಂದು ಕಿಲೋ. ಬಟ್ಟೆಗೆ ಐದು ಕಿಲೋ ಸಾಕು, ಕ್ಯಾಂಪುಗಳಲ್ಲಿ ಒಗೆದು ಕೊಡುತ್ತಾರೆ. ಒಳಉಡುಪು ಒಗೆಯದ ಕಡೆಯೂ ಇದೆ, ಒಂದು ಸಾಬೂನು ಇರಲಿ. ಕ್ಯಾಮೆರಾ ಊರಲು ಖಾಲಿ ಬಟ್ಟೆಯ ಚೀಲ ಒಯ್ದು ಅಲ್ಲಿ ಅಕ್ಕಿ ತುಂಬಿಸಿಕೊಂಡರಾಯಿತು. ಉಳಿದ ಸಾಮಾನನ್ನು ದಾರ್ ಅಥವಾ ಅರುಷಾದ ಹೋಟೆಲಿನಲ್ಲಿ ಬಿಟ್ಟು ಹೋಗುವ ವ್ಯವಸ್ಥೆ ಎಲ್ಲರಿಗೂ ಗೊತ್ತಿರುವಂಥದ್ದೇ, ಬುಕಿಂಗ್ ಮಾಡುವಾಗ ಹೇಳಿದರೆ ಸಾಕು. ಡ್ರೋನ್ ಒಯ್ಯಲೇಬೇಡಿ, ಉದ್ಯಾನಗಳಲ್ಲಿ ನಿಷಿದ್ಧ. ಪ್ಲಾಸ್ಟಿಕ್ ಕೈಚೀಲಗಳಿಗೆ 2019ರ ಜೂನ್ 1ರಿಂದ ತಾಂಜಾನಿಯಾದಲ್ಲಿ ನಿಷೇಧವಿದೆ, ನಮ್ಮವರು ಚಪ್ಪಲಿ, ಒದ್ದೆ ಬಟ್ಟೆ ಸುತ್ತುವ ಕವರುಗಳನ್ನೂ ಮನೆಯಲ್ಲೇ ಬಿಡಬೇಕು.

ಬಟ್ಟೆಯ ಬಣ್ಣ ಇಲ್ಲಿ ಅಲಂಕಾರದ ವಿಷಯವಲ್ಲ. ಕಟಾವಿಯ ಮಿಯೊಂಬೊ ಕಾಡಿನಲ್ಲಿ ನಿದ್ರಾರೋಗ ಹರಡಬಲ್ಲ, ರಕ್ತ ಹೀರುವ ತ್ಸೆತ್ಸೆ ನೊಣ ವಿಪರೀತ. ಅದಕ್ಕೆ ಕಡುನೀಲಿ ಮತ್ತು ಕಪ್ಪು ಕಂಡರೆ ಆಕರ್ಷಣೆ. ನೊಣ ಹಿಡಿಯಲು ಮರಗಳಿಗೆ ತೂಗುಹಾಕುವ ಬಟ್ಟೆಯ ಬಲೆಗಳೂ ಅದೇ ಬಣ್ಣದವು. ಜೀನ್ಸ್ ತೊಟ್ಟು ಹೋದರೆ ನಾವೇ ಬಲೆಯಾದಂತೆ. ಖಾಕಿ, ಮಾಸಲು ಹಸಿರು, ಮಣ್ಣಿನ ಬಣ್ಣದ ತುಂಬು ತೋಳಿನ ದಪ್ಪ ಬಟ್ಟೆ ಬೇಕು. ತೆಳು ಹತ್ತಿಯ ಮೂಲಕ ಅದು ಕಚ್ಚುತ್ತದೆ. ಸೊಳ್ಳೆಗೆ ಹಚ್ಚುವ ಮುಲಾಮು ಇದಕ್ಕೆ ಹೆಚ್ಚೇನೂ ತಾಗುವುದಿಲ್ಲ. ಓಡುವ ವಾಹನದ ಹಿಂದೆಯೇ ನೊಣ ಹಾರಿಬರುವುದರಿಂದ ಮರಗಳ ನಡುವೆ ಸಾಗುವಾಗ ಗಾಜು ಏರಿಸಿ, ಬಯಲಿಗೆ ಬಂದ ಮೇಲೆ ಇಳಿಸುವುದು ರೂಢಿ. ಸೈನಿಕರ ಮಚ್ಚೆ ಬಣ್ಣದ ಉಡುಪು ಬೇಡವೇ ಬೇಡ, ಪೊಲೀಸರು ತಡೆಯಬಹುದು. ಜುಲೈಯಲ್ಲಿ ಹೋಗುವವರು ಜಾಕೆಟ್ ಮರೆಯಬಾರದು. ಕಟಾವಿ ಸುಮಾರು 900 ಮೀಟರ್ ಎತ್ತರದಲ್ಲಿದೆ, ಮುಂಜಾನೆ ತೆರೆದ ವಾಹನದ ಗಾಳಿ ಕರಾವಳಿಯ ಮೈಗೆ ಒಗ್ಗುವಂಥದ್ದಲ್ಲ. ಅಕ್ಟೋಬರಿನಲ್ಲಿ ಇದರ ವಿರುದ್ಧ, ಮಧ್ಯಾಹ್ನ 35 ಡಿಗ್ರಿ ಮತ್ತು ಕಣ್ಣು ಮೂಗಿಗೆಲ್ಲ ಧೂಳು.

ಮಲೇರಿಯಾದ ಬಗ್ಗೆ ಮಂಗಳೂರಿನವರಿಗೆ ವಿಶೇಷವಾಗಿ ಹೇಳಬೇಕಾಗಿದೆ. ಊರಿಗೇ ಮಲೇರಿಯಾ ಬಂದು ಹೋಗಿ ಅಭ್ಯಾಸವಾದ್ದರಿಂದ ಇಲ್ಲಿ ಅದನ್ನು ಹಗುರವಾಗಿ ಕಾಣುವ ರೂಢಿಯಿದೆ. ನಮ್ಮಲ್ಲಿ ಹೆಚ್ಚು ಕಾಣುವುದು ವೈವಾಕ್ಸ್ ಎಂಬ ಬಗೆ. ಅಲ್ಲಿರುವುದು ಬಹುಪಾಲು ಫಾಲ್ಸಿಪಾರಂ ಎಂಬ ಬಗೆ, ಒಂದೆರಡು ದಿನ ಅಸಡ್ಡೆ ಮಾಡಿದರೆ ಮೆದುಳಿಗೆ, ಮೂತ್ರಪಿಂಡಕ್ಕೆ ಏರುವಂಥದ್ದು. ಹಿಂದೆ ಬಂದು ಹೋದ ವೈವಾಕ್ಸ್ ಇದರಿಂದ ರಕ್ಷಿಸುವುದಿಲ್ಲ, ಕ್ಲೋರೋಕ್ವಿನ್ ಅಲ್ಲಿ ನಡೆಯುವುದೂ ಇಲ್ಲ. ತಡೆ ಮಾತ್ರೆಗಳಲ್ಲಿ ಮೂರು ಬಗೆ. ಅಟೋವಾಕ್ವೋನ್–ಪ್ರೋಗ್ವಾನಿಲ್ ಹೊರಡುವ ಒಂದೆರಡು ದಿನ ಮೊದಲು ಆರಂಭಿಸಿ, ದಿನಕ್ಕೊಂದು, ಮರಳಿದ ಮೇಲೆ 7 ದಿನ. ಡಾಕ್ಸಿಸೈಕ್ಲಿನ್ ಕೂಡ ಒಂದೆರಡು ದಿನ ಮೊದಲು, ಆದರೆ ಮರಳಿದ ಮೇಲೆ 4 ವಾರ. ಇದರಿಂದ ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ, ಚಿಕ್ಕ ಮಕ್ಕಳಿಗೂ ಗರ್ಭಿಣಿಯರಿಗೂ ಕೊಡುವುದಿಲ್ಲ. ಮೆಫ್ಲೋಕ್ವಿನ್ ವಾರಕ್ಕೊಂದು, ಎರಡು ಮೂರು ವಾರ ಮೊದಲೇ ಆರಂಭಿಸಿ ಮರಳಿದ ಮೇಲೂ 4 ವಾರ. ಮಾನಸಿಕ ಕಾಯಿಲೆ, ಅಪಸ್ಮಾರ ಇರುವವರಿಗೆ ಅದು ಆಗದು. ಯಾವುದು ಯಾರಿಗೆ ಎಂಬುದನ್ನು ವೈದ್ಯರೇ ನಿರ್ಧರಿಸಲಿ. ಮೊದಲನೆಯದು ಎಲ್ಲ ಮೆಡಿಕಲ್ ಶಾಪಿನಲ್ಲಿ ಇರುವುದಿಲ್ಲ, ಒಂದು ತಿಂಗಳು ಮೊದಲೇ ತರಿಸಿಡಬೇಕು.

ಹಳದಿ ಜ್ವರದ ಲಸಿಕೆ ಇನ್ನೊಂದು ಗೊಂದಲ. ಆಡಿಸ್ ಅಬಾಬಾ ಅಥವಾ ನೈರೋಬಿ ಮೂಲಕ ಹೋದರೆ ಇಥಿಯೋಪಿಯ, ಕೆನ್ಯಾ ಎರಡೂ ಭಾರತದ ಹಳದಿ ಜ್ವರದ ಪಟ್ಟಿಯಲ್ಲಿರುವ ದೇಶಗಳು. ಅಲ್ಲಿ ವಿಮಾನ ನಿಲ್ದಾಣ ಬಿಟ್ಟು ಹೊರಗೆ ಹೋಗಿ ಆರು ದಿನದೊಳಗೆ ಭಾರತಕ್ಕೆ ಮರಳಿದವರಲ್ಲಿ ಪ್ರಮಾಣಪತ್ರ ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸುವ ನಿಯಮವಿದೆ. ಅಲ್ಲಿನ ನಿಲ್ದಾಣದಲ್ಲಿ 12 ಗಂಟೆಗಿಂತ ಹೆಚ್ಚು ಕಾದವರಲ್ಲಿ ತಾಂಜಾನಿಯಾದವರೂ ಅದನ್ನು ಕೇಳುತ್ತಾರೆ. ಮುಂಬೈಯಿಂದ ನೇರ ವಿಮಾನ ಸಿಕ್ಕಿದರೆ ಈ ತೊಡಕು ಕಡಿಮೆ. ಆದರೂ ವಿಮಾನ ರದ್ದಾಗಿ ಬೇರೆ ದಾರಿಯಲ್ಲಿ ಕಳುಹಿಸಿದರೆ ಸಿಕ್ಕಿಬೀಳುವುದು ನಾವೇ. ಲಸಿಕೆ ಹೊರಡುವ ಕನಿಷ್ಠ 10 ದಿನ ಮೊದಲು ಹಾಕಿಸಿದ್ದರೆ ಮಾತ್ರ ಪ್ರಮಾಣಪತ್ರವಾಗಿ ಕೊಡುವ ಹಳದಿ ಪುಸ್ತಕಕ್ಕೆ ಬೆಲೆ. 2016ರಿಂದ ಒಮ್ಮೆ ಹಾಕಿಸಿದರೆ ಜೀವನಪರ್ಯಂತ ಸಾಕು. ಕೇಂದ್ರ ಆರೋಗ್ಯ ಸಚಿವಾಲಯ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ, ಅದೂ ಗೊತ್ತುಪಡಿಸಿದ ದಿನಗಳಲ್ಲಿ ಕೊಡುತ್ತಾರೆ. ಒಂದು ಸೀಸೆಯಲ್ಲಿ ಹಲವರಿಗಾಗುವಷ್ಟು ಮದ್ದಿದ್ದು, ತೆರೆದ ಮೇಲೆ ಬೇಗ ಮುಗಿಸಬೇಕಾದ್ದರಿಂದ ಈ ಕಟ್ಟುಪಾಡು. ಮೊಟ್ಟೆಯ ಅಲರ್ಜಿ ಇರುವವರು, 60 ದಾಟಿದವರು ವೈದ್ಯರಿಗೆ ತಿಳಿಸಿಯೇ ಹಾಕಿಸಿಕೊಳ್ಳಬೇಕು.

ವೀಸಾ ಸುಲಭ. ಆನ್‌ಲೈನ್ ಅರ್ಜಿ, ಸಾಮಾನ್ಯ ಪ್ರವಾಸಿ ವೀಸಾಕ್ಕೆ 50 ಡಾಲರ್, ಪಾಸ್‌ಪೋರ್ಟಿಗೆ ಆರು ತಿಂಗಳ ಬಾಳಿಕೆ ಇರಬೇಕು. ಸರ್ಕಾರಿ ಜಾಲತಾಣದಂತೆಯೇ ಕಾಣುವ, ದುಪ್ಪಟ್ಟು ವಸೂಲಿ ಮಾಡುವ ಖಾಸಗಿ ತಾಣಗಳಿವೆ. ನಿಜವಾದದ್ದರ ವಿಳಾಸ 'ಗೋ ಡಾಟ್ ಟಿಝಡ್' ಎಂದು ಮುಗಿಯುತ್ತದೆ. ಉದ್ಯಾನದ ಪ್ರವೇಶ ಶುಲ್ಕ 24 ಗಂಟೆಗೆ ಒಂದರಂತೆ ಲೆಕ್ಕ, ಮೇಲೆ ಶೇ. 18 ತೆರಿಗೆ. ಗೇಟಿನಲ್ಲಿ ನಗದು ತೆಗೆದುಕೊಳ್ಳುವುದಿಲ್ಲ, ಕಾರ್ಡ್ ಬೇಕು. ಕಾಡಿನೊಳಗೆ ಎಟಿಎಂ ಇಲ್ಲದ್ದರಿಂದ ಟಿಪ್ಸಿಗೆ, ಸಣ್ಣಪುಟ್ಟ ಖರ್ಚಿಗೆ ಶಿಲ್ಲಿಂಗ್ ಮೊದಲೇ ಬದಲಿಸಿಕೊಳ್ಳಿ. ಹಳೆಯ, ಹರಿದ, ಗೀಚಿದ ಡಾಲರ್ ನೋಟು ಅಲ್ಲಿ ಯಾರೂ ಮುಟ್ಟುವುದಿಲ್ಲ. ವಿದ್ಯುತ್ 230 ವೋಲ್ಟ್, ಮೂರು ಚಪ್ಪಟೆ ಕಡ್ಡಿಯ ಬ್ರಿಟಿಷ್ ಪ್ಲಗ್ಗು.

ಉಡುಪಿ ಕಡೆಯ ಸಸ್ಯಾಹಾರಿಗಳ ಮೊದಲ ಪ್ರಶ್ನೆ ಊಟದ್ದೇ. ಹೆದರಬೇಕಾಗಿಲ್ಲ. ಅನ್ನ, ಚಪಾತಿ, ಮಹರಾಗೆ ಎಂಬ ಬೀನ್ಸ್ ಕಾಳಿನ ಸಾರು ಮತ್ತು ಎಂಚಿಚಾ ಅಲ್ಲಿನವರ ದಿನನಿತ್ಯದ ಊಟ. ಎಂಚಿಚಾ ನಮ್ಮ ಹರಿವೆ ಸೊಪ್ಪೇ. ತೊಂದರೆ ಆಗುವುದು ತಡವಾಗಿ ಹೇಳಿದಾಗ. ಕ್ಯಾಂಪಿಗೆ ದಿನಸಿ ಬರುವುದು ನೂರಾರು ಕಿಲೋಮೀಟರ್ ದೂರದಿಂದ, ಬೇಕೆಂದಾಗ ಅಂಗಡಿಗೆ ಓಡುವಂತಿಲ್ಲ. ಎರಡು ತಿಂಗಳ ಮೊದಲೇ ಮೀನಿಲ್ಲ, ಮೊಟ್ಟೆಯಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲವಾದರೆ ಅದನ್ನೂ ಬಿಡಿಸಿ ಬರೆಯಬೇಕು. ಬರಿಯ 'ವೆಜಿಟೇರಿಯನ್' ಎಂದರೆ ಮೀನು ಬಡಿಸುವವರಿದ್ದಾರೆ. ಒಯ್ಯುವ ಬಾಳೆಹಣ್ಣು, ಹಲಸಿನ ಹಪ್ಪಳ, ಚಿಪ್ಸ್ ಯಾವುದನ್ನೂ ಡೇರೆಯಲ್ಲಿ ಇಡಬಾರದು. ಕ್ಯಾಂಪಿಗೆ ಬೇಲಿಯಿಲ್ಲ. ಹಗಲು ಮಂಗ, ರಾತ್ರಿ ಕತ್ತೆಕಿರುಬ, ಹಣ್ಣಿನ ವಾಸನೆ ಸಿಕ್ಕಿದರೆ ಆನೆ ಡೇರೆಯ ಬಟ್ಟೆಯನ್ನೇ ಸೀಳೀತು. ಕತ್ತಲಾದ ಮೇಲೆ ಕಾವಲುಗಾರನಿಲ್ಲದೆ ಹತ್ತು ಹೆಜ್ಜೆಯೂ ನಡೆಯುವಂತಿಲ್ಲ. ಹಗಲಿಡೀ ನೀರಲ್ಲಿ ಬಿದ್ದಿರುವ ನೀರ್ಗುದುರೆ ರಾತ್ರಿ ದಂಡೆಗೆ ಬಂದು ಮೇಯುತ್ತದೆ, ಅದರ ಮತ್ತು ನೀರಿನ ನಡುವೆ ಸಿಕ್ಕವರು ಬದುಕುವುದು ಕಷ್ಟ.

ಖರ್ಚು ತಗ್ಗಿಸಲು ರಸ್ತೆಯಲ್ಲಿ ಹೋಗುವ ಯೋಚನೆ ಕೆಲವರಿಗಿದೆ. ಎಂಬೆಯಾ ಪಟ್ಟಣದಿಂದ 550 ಕಿ.ಮೀ., ತಬೋರಾ ಪಟ್ಟಣದಿಂದಲೂ ದಾರಿಯಿದೆ. ಎರಡೂ ಒಣ ಕಾಲದಲ್ಲಿ ಒಂದು ಇಡೀ ದಿನದ ಪ್ರಯಾಣ. ವಾಹನ ನಮ್ಮಂತೆ ಎಡಕ್ಕೇ ಓಡುವುದಾದರೂ ಸ್ಥಳೀಯ ಚಾಲಕನಿಲ್ಲದೆ ಹೊರಡಬಾರದು. ಉದ್ಯಾನದೊಳಗೆ ಪೆಟ್ರೋಲ್ ಬಂಕ್ ಇಲ್ಲ, ಹತ್ತಿರದ ಎಂಪಾಂಡಾ ಪಟ್ಟಣದಲ್ಲೇ ಟ್ಯಾಂಕ್ ತುಂಬಿಸಬೇಕು. ಲೋ ಗೇರಿನಲ್ಲಿ ಓಡುವ ಲ್ಯಾಂಡ್ ಕ್ರೂಸರಿಗೆ ನೂರು ಕಿ.ಮೀ.ಗೆ 15ರಿಂದ 18 ಲೀಟರ್ ಡೀಸೆಲ್ ಬೇಕೆಂದು ಹಿಡಿದು, ಅದರ ಮೇಲೆ ಕ್ಯಾನಿನಲ್ಲಿ 40 ಲೀಟರ್. ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ 5 ಲೀಟರ್ ನೀರು, ಜೊತೆಗೆ ಎರಡು ದಿನದ ಹೆಚ್ಚುವರಿ. ಸ್ಟೆಪ್ನಿ ಒಂದಲ್ಲ ಎರಡು, ಸಲಿಕೆ, ಎತ್ತರದ ಜಾಕ್, ಗಾಳಿ ತುಂಬುವ ಕಂಪ್ರೆಸರ್. ಮರಳಿನಲ್ಲಿ ಟೈರಿನ ಗಾಳಿಯನ್ನು 22–25 ಪಿಎಸ್‌ಐಗೆ ಇಳಿಸಿ, ಗಟ್ಟಿ ರಸ್ತೆಗೆ ಬಂದ ಕೂಡಲೇ ಮತ್ತೆ ತುಂಬಬೇಕು, ಇಲ್ಲದಿದ್ದರೆ ಟೈರ್ ಬಿಸಿಯಾಗಿ ಸಿಡಿಯುತ್ತದೆ. ಜೂನ್, ಜುಲೈಯಲ್ಲಿ ಹೋಗುವವರಿಗೆ ಹುಲ್ಲೇ ಶತ್ರು. ಹುಲ್ಲಿನ ಬೀಜ ರೇಡಿಯೇಟರಿನ ಸಂದಿಗಳನ್ನು ಮುಚ್ಚಿ ಎಂಜಿನ್ ಕುದಿಯುತ್ತದೆ. ಒಣ ಹುಲ್ಲು ಸೈಲೆನ್ಸರ್ ಕೊಳವೆಯ ಮೇಲೆ ಶೇಖರವಾಗಿ ಬೆಂಕಿ ಹತ್ತಿ ವಾಹನವೇ ಸುಟ್ಟುಹೋದದ್ದೂ ಆಫ್ರಿಕಾದ ಕಾಡುಗಳಲ್ಲಿ ಉಂಟು. ಮುಂದೆ ಸಣ್ಣ ಕಣ್ಣಿನ ಜಾಲರಿ ಕಟ್ಟಿ, ಗಂಟೆಗೊಮ್ಮೆ ನಿಲ್ಲಿಸಿ ಕೆಳಗೆ ಬಗ್ಗಿ ನೋಡುವುದು ಚಾಲಕನ ಕೆಲಸ. ನೆನಪಿಸುವುದು ನಮ್ಮ ಕೆಲಸ.

ವಿಮೆಯ ಕಾಗದದಲ್ಲಿ ಆಸ್ಪತ್ರೆಯ ಖರ್ಚಿಗಿಂತ ಮೊದಲು ನೋಡಬೇಕಾದದ್ದು ಕಾಡಿನಿಂದ ವಿಮಾನದಲ್ಲಿ ಎತ್ತಿ ಸಾಗಿಸುವ ಖರ್ಚು ಸೇರಿದೆಯೇ ಎಂಬುದು. ನೈರೋಬಿಯ ವಿಲ್ಸನ್ ವಿಮಾನ ನಿಲ್ದಾಣದಿಂದ ಆಮ್ರೆಫ್ ಫ್ಲೈಯಿಂಗ್ ಡಾಕ್ಟರ್ಸ್ ಈ ಸೇವೆ ಕೊಡುತ್ತದೆ. ಪ್ರವಾಸಿಗಳು ಅಲ್ಪಾವಧಿಗೆ ಸದಸ್ಯರಾಗಬಹುದು. ಆದರೆ ಮಣ್ಣಿನ ಏರ್‌ಸ್ಟ್ರಿಪ್‌ನಲ್ಲಿ ದೀಪವಿಲ್ಲ. ಸಂಜೆ ಎದೆನೋವು ಬಂದವರು ಬೆಳಗಿನವರೆಗೆ ಕಾಯಬೇಕಾಗುತ್ತದೆ. ಹೃದಯದ ತೊಂದರೆ ಇರುವ ಹಿರಿಯರನ್ನು ಕರೆದೊಯ್ಯುವ ಮಕ್ಕಳು ಇದನ್ನು ಮುಂಗಡ ಕೊಡುವ ಮೊದಲೇ ತಿಳಿದಿರಬೇಕು.

ಕಟಾವಿ ಕೆರೆಯ ಬಳಿ ಒಂದು ಹುಣಸೆ ಮರವಿದೆ. ಕಟಾಬಿ ಎಂಬ ಬೇಟೆಗಾರನ ಆತ್ಮ ಅದರಲ್ಲಿ ನೆಲೆಸಿದೆ ಎಂದು ಅಲ್ಲಿನವರು ನಂಬುತ್ತಾರೆ, ಉದ್ಯಾನದ ಹೆಸರೂ ಅವನದೇ. ಬುಡದಲ್ಲಿ ಹರಕೆಯ ವಸ್ತುಗಳಿರುತ್ತವೆ. ದೈವದ ಬನಕ್ಕೆ ಚಪ್ಪಲಿ ಮೆಟ್ಟಿ ಕಾಲಿಡದ ತುಳುನಾಡಿನವರಿಗೆ ಅಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ಹೇಳಿಕೊಡಬೇಕಾಗಿಲ್ಲ. ಮುಟ್ಟದೆ, ಫೋಟೋಕ್ಕೆ ಒರಗಿ ನಿಲ್ಲದೆ ಬಂದರೆ ಸಾಕು.

1974ರಲ್ಲಿ ಘೋಷಣೆಯಾದ ಈ ಉದ್ಯಾನ ಈಗ 4,471 ಚದರ ಕಿ.ಮೀ. ನಮ್ಮ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಏಳು ಪಟ್ಟಿಗಿಂತ ಹೆಚ್ಚು. ಇಷ್ಟು ದೊಡ್ಡ ಕಾಡಿನ ಜೀವ ನಿಂತಿರುವುದು ಕಟುಮ ಹೊಳೆಯ ಮೇಲೆ. ಮೇಲ್ಭಾಗದಲ್ಲಿ ಭತ್ತದ ಗದ್ದೆಗಳಿಗೆ ಒಡ್ಡು ಕಟ್ಟಿ ನೀರು ತಿರುಗಿಸುವುದರಿಂದ ಒಣ ಕಾಲದಲ್ಲಿ ಹರಿವು ಇಳಿಯುತ್ತಿದೆ. ದಕ್ಷಿಣದ ಗ್ರೇಟ್ ರುವಾಹ ನದಿ 1993ರಿಂದ ಒಣ ಕಾಲದಲ್ಲಿ ಬತ್ತತೊಡಗಿದ್ದಕ್ಕೂ ಉಸಂಗು ಬಯಲಿನ ಭತ್ತದ ನೀರಾವರಿ ಒಂದು ಮುಖ್ಯ ಕಾರಣ. ಗುಂಡಿಯಲ್ಲಿ ಒತ್ತೊತ್ತಾಗಿ ಬಿದ್ದ ನೀರ್ಗುದುರೆಗಳ ಫೋಟೋ ಎಷ್ಟೇ ಚೆನ್ನಾಗಿ ಬಂದರೂ ಆ ಒತ್ತಡದ ಒಂದು ಪಾಲು ಮನುಷ್ಯರು ಮಾಡಿದ್ದು. ಪ್ರವೇಶ ಶುಲ್ಕ ಹೆಚ್ಚೆಂದು ಗೊಣಗುವವರು ಇದನ್ನೂ ಯೋಚಿಸಲಿ. ಜನ ಕಡಿಮೆ ಬರುವ ಉದ್ಯಾನಕ್ಕೆ ಬಂದು ಹಣ ಕೊಟ್ಟು ಹೋಗುವ ಪ್ರತಿಯೊಬ್ಬರೂ ಆ ಕಾಡಿನ ಪರ ಒಂದು ವಾದವಾಗುತ್ತಾರೆ.

ನಮ್ಮ ಏಜೆನ್ಸಿಗಳವರು ಕೊಡುವ ಅಂದಾಜುಪಟ್ಟಿಯಲ್ಲಿ ಏರ್‌ಸ್ಟ್ರಿಪ್‌ನ ಹೆಸರು, ಸಣ್ಣ ವಿಮಾನದ ವಾರ, ಉದ್ಯಾನ ಶುಲ್ಕ ತೆರಿಗೆ ಸಹಿತವೋ ರಹಿತವೋ, ಕ್ಯಾಂಪು ಆ ದಿನಾಂಕದಲ್ಲಿ ತೆರೆದಿರುತ್ತದೆಂಬ ಲಿಖಿತ ಖಾತ್ರಿ ಇರಬೇಕೆಂದು ಗಿರಾಕಿಗಳು ಪಟ್ಟು ಹಿಡಿಯಬೇಕು. ಒಳ್ಳೆಯ ಕ್ಯಾಂಪುಗಳಲ್ಲಿ ಡೇರೆಗಳೇ ಹತ್ತರೊಳಗೆ. ದಸರಾ ಹೊತ್ತಿನ ಜಾಗಕ್ಕೆ ಹಿಂದಿನ ವರ್ಷದ ದೀಪಾವಳಿಗೇ ಕೇಳಿಡಬೇಕು. ತಮ್ಮ ಪತ್ರಿಕೆ ಪ್ರವಾಸ ಪುಟದಲ್ಲಿ ಪ್ಯಾಕೇಜಿನ ದರದ ಜೊತೆ ಆಯಾ ಕಾಡಿನ ಮಳೆಯ ತಿಂಗಳುಗಳನ್ನೂ ಅಚ್ಚು ಹಾಕಿದರೆ ಓದುಗರಿಗೆ ದೊಡ್ಡ ಉಪಕಾರ.

ಮರಳಿ ಬಂದ ಮೇಲಿನದ್ದೂ ಒಂದು ಮಾತು. ಮಾತ್ರೆಯನ್ನು ಬಜಪೆಯಲ್ಲಿ ಇಳಿದ ದಿನವೇ ನಿಲ್ಲಿಸುವವರು ಬಹಳ. ರೋಗಾಣು ಯಕೃತ್ತಿನಲ್ಲಿ ಅಡಗಿದ್ದು ಆಮೇಲೆ ರಕ್ತಕ್ಕೆ ಇಳಿಯುವುದರಿಂದಲೇ ಮರಳಿದ ಬಳಿಕದ ಆ 7 ದಿನ ಅಥವಾ 4 ವಾರ. ಮುಂದಿನ ಮೂರು ತಿಂಗಳೊಳಗೆ ಜ್ವರ ಬಂದರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ, ಆಫ್ರಿಕಾದಿಂದ ಬಂದದ್ದೆಂದು ವೈದ್ಯರಿಗೆ ಮೊದಲ ವಾಕ್ಯದಲ್ಲೇ ಹೇಳಬೇಕು. ನೊಣ ಕಚ್ಚಿದ ಜಾಗ ಕೆಂಪಾಗಿ ಗಂಟು ಕಟ್ಟಿ ಹುಣ್ಣಾಗಿದ್ದರೆ ಅದನ್ನೂ ತೋರಿಸಿ, ತ್ಸೆತ್ಸೆ ಎಂಬ ಹೆಸರು ಹೇಳಿ. ನಿದ್ರಾರೋಗ ಪ್ರವಾಸಿಗಳಿಗೆ ತಗಲುವುದು ಅಪರೂಪ, ಆದರೆ ಮಂಗಳೂರಿನ ವೈದ್ಯರಿಗೆ ಅದು ತಾನಾಗಿ ಹೊಳೆಯುವ ಕಾಯಿಲೆಯಲ್ಲ.

ಇತಿ,
ಓರ್ವ ಓದುಗ, ಕಡಿಯಾಳಿ, ಉಡುಪಿ